ಗುರುವಪ್ಪ ಉಂಡ ಊಟ

ಕೆದಂಬಾಡಿಯ ಗುರುವಪ್ಪನಿಗಿದ್ದ ಒಂದೇ ಚಟವೆಂದರೆ ಸ್ನೇಹಿತರನ್ನು ಕರೆದು ತಾನೇ ಅಡುಗೆ ಮಾಡಿ ಬಡಿಸುವುದು. ಅಡಿಕೆ ಸುಲಿಯಲು ಕೂತರೆ ಸೊಂಟನೋವು. ಕೋಳಿಸಾರಿಗೆ ಮಸಾಲೆ ಅರೆಯುವಾಗ ಆ ನೋವು ಎಲ್ಲಿಗೆ ಹೋಗುತ್ತದೋ ಆ ದೇವರೇ ಬಲ್ಲ. ಆದರೆ ಏಳು ವರ್ಷಗಳಿಂದ ಅವನ ಮನೆಯಲ್ಲಿ ಹಬ್ಬಕ್ಕೆ ಎರಡೆರಡು ಊಟ. ಒಂದು ದಿನ ಚೆನ್ನಕೇಶವನಿಗೆ, ಮರುದಿನ ಧರ್ಮಪಾಲನಿಗೆ. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತ ಮೂವರಲ್ಲಿ ಈ ಇಬ್ಬರು ತೋಟಕ್ಕೆ ಹರಿಯುವ ತೋಡಿನ ನೀರಿಗೆ ಜಗಳವಾಡಿ ಮಾತು ಬಿಟ್ಟಿದ್ದರು. ಅತ್ತಲೂ ಇತ್ತಲೂ ಓಲೈಸಿ ಗುರುವಪ್ಪ ಬಸವಳಿದಿದ್ದ.

ಈ ಸಲ ಇಬ್ಬರ ಕಾಲೂ ಹಿಡಿದು ಒಂದೇ ಊಟಕ್ಕೆ ಒಪ್ಪಿಸಿದ್ದ. ಸಂಜೆ ದೀಪ ಹಚ್ಚುವ ಹೊತ್ತಿಗೆ ಬಂದವರು ಜಗಲಿಯ ಒಂದೊಂದು ತುದಿ ಹಿಡಿದು ಕೂತರು. ಒಬ್ಬ ಮಾಡಿನ ಹಂಚು ನೋಡಿದ, ಇನ್ನೊಬ್ಬ ಅಂಗಳ ನೋಡಿದ. ಇವತ್ತು ಕೆಟ್ಟರೆ ಇನ್ನು ಜನ್ಮದಲ್ಲಿ ಕೂಡುವುದಿಲ್ಲವೆಂದು ಗುರುವಪ್ಪನಿಗೆ ಗೊತ್ತಿತ್ತು.

ಎಲೆ ಹಾಕಿ ಅನ್ನ ಬಡಿಸಿದ. ಚೆನ್ನಕೇಶವ ಕೈ ಮುಂದೆ ಚಾಚಿದವನು ತಟ್ಟನೆ ಹಿಂದೆ ತೆಗೆದ.

"ಗುರುವ, ನಂಗೆ ಆಣೆ ಉಂಟಲ್ಲ ಮಾರಾಯ! ಇವನೊಟ್ಟಿಗೆ ಕೂತು ಉಣ್ಣುದಿಲ್ಲ ಅಂತ ದೈವದ ಮುಂದೆ ಹೇಳಿದ್ದೆ. ಅನ್ನ ಕಂಡ ಮೇಲೆ ನೆನಪಾಯ್ತು."

ಗುರುವಪ್ಪನ ಕೈಯ ಸೌಟು ಅಲ್ಲೇ ನಿಂತಿತು. ಆಣೆ ಹಾಕಿದ ದಿನ ಅವನೂ ದೈವದ ಗುಡಿಯೆದುರು ಇದ್ದ. ಇಬ್ಬರನ್ನು ಒಪ್ಪಿಸುವ ಭರದಲ್ಲಿ ಈ ಮಹಾಶಯ ದೈವವನ್ನೇ ಮರೆತಿದ್ದ. ಗುಡಿಗೆ ಹೋಗಿ ತಪ್ಪುಕಾಣಿಕೆ ಇಟ್ಟು ಆಣೆ ಬಿಡಿಸದೆ ಒಂದು ತುತ್ತು ಉಂಡರೂ ಮನೆಗೆ ಕೇಡು.

ಧರ್ಮಪಾಲನ ಮುಖ ಕಪ್ಪಿಟ್ಟಿತು. "ಕರೆದು ಮರ್ಯಾದೆ ತೆಗೀಲಿಕ್ಕಾ ಗುರುವ?" ಎಂದವನೇ ಎದ್ದು ಅಂಗಳಕ್ಕಿಳಿದು ಬೈಕ್ ಸ್ಟಾರ್ಟ್ ಮಾಡಿದ. ಅಡುಗೆಮನೆಯ ಬಾಗಿಲಲ್ಲಿ ಸೇವಂತಿ ಗಂಡನನ್ನು ನುಂಗುವಂತೆ ನೋಡಿದಳು. ಗುರುವಪ್ಪನಿಗೆ ಅಳುವೇ ಬಂತು.

ಬೈಕ್ ಮಾತ್ರ ಅಂಗಳ ದಾಟಲಿಲ್ಲ.

"ಹಿಂದೆ ಹತ್ತು," ಎಂದ ಧರ್ಮಪಾಲ, ಚೆನ್ನಕೇಶವನ ಕಡೆ ತಿರುಗದೆ. "ಆಣೆ ಬಿಡಿಸಿ ಬರುವ. ಸಾರು ತಣ್ಣಗಾಗ್ತದೆ."

ಏಳು ವರ್ಷಗಳಲ್ಲಿ ಅವನೊಡನೆ ಆಡಿದ ಮೊದಲ ಮಾತು ಅದು. ಚೆನ್ನಕೇಶವ ಎದ್ದು ಬಂದು ಹತ್ತಿದ.

ಅವರು ಹೋದ ಮೇಲಿನ ಹೊತ್ತು ಇದೆಯಲ್ಲ, ಅದು ಶತ್ರುವಿಗೂ ಬೇಡ. ದಾರಿಯಲ್ಲಿ ಆ ತೋಡು ಬೇರೆ ಸಿಗುತ್ತದೆ! ಗುರುವಪ್ಪ ಗೇಟಿಗೂ ಒಲೆಗೂ ಅಲೆದ, ಸಾರು ಬಿಸಿಮಾಡಿದ, ಮತ್ತೆ ಬಿಸಿಮಾಡಿದ. ಉಪ್ಪು ಹಾಕಿದ್ದು ನೆನಪಾಗದೆ ಇನ್ನೊಮ್ಮೆ ಹಾಕಿದ.

ಕೊನೆಗೂ ಬೈಕ್ ಬಂತು. ಇಬ್ಬರ ಹಣೆಯಲ್ಲೂ ಗಂಧವಿತ್ತು. ಇಬ್ಬರೂ ಒಂದೇ ಚೊಂಬಿನ ನೀರಲ್ಲಿ ಕೈ ತೊಳೆದು ಎಲೆಯ ಮುಂದೆ ಕೂತರು. ಗುರುವಪ್ಪ ಬಡಿಸಲು ಹೋಗಿ ಸಾರನ್ನು ಎಲೆಯ ಹೊರಗೆ ಚೆಲ್ಲಿದ.

ಸೇವಂತಿ ಸೌಟು ಕಸಿದುಕೊಂಡಳು. "ಬಡಿಸಿದ್ದು ಸಾಕು. ನೀವೂ ಕೂತ್ಕೊಳ್ಳಿ."

ಸಾರು ಉಪ್ಪೋ ಉಪ್ಪು ಎಂದು ಧರ್ಮಪಾಲ ಬೈದ, ಚೆನ್ನಕೇಶವ ಹೌದು ಹೌದೆಂದ. ಗುರುವಪ್ಪ ಮಾತ್ರ ಎರಡು ಸಲ ಹಾಕಿಸಿಕೊಂಡು ಉಂಡ.