ಬಲಕ್ಕೆ ಮುಖ ಮಾಡಿದ ಲಾರಿ

ಮಾವಶಿಯ ಕನ್ನಡಕದ ಒಂದು ಕಡ್ಡಿ ಮುರಿದಿತ್ತು; ಅಲ್ಲಿಗೆ ಹಸಿರು ದಾರ ಕಟ್ಟಿ ಕಿವಿಗೆ ಸುತ್ತಿಕೊಳ್ಳುತ್ತಿದ್ದರು. ದಾರ ಹಸಿರಾಗಿತ್ತೇ ಎಂಬುದೂ ಈಗ ಖಾತ್ರಿಯಿಲ್ಲ. ಆ ದಿನ ನಡೆದದ್ದನ್ನು ಎಷ್ಟೋ ಕಡೆ ಹೇಳಿದ್ದೇನೆ, ಹೇಳಿದಷ್ಟೂ ಅದು ಚೆಂದವಾಗಿದೆ. ಚೆಂದವಾದ ನೆನಪನ್ನು ನಾನು ನಂಬುವುದಿಲ್ಲ.

ಮಿರಜದ ಪಕ್ಕದ ಕುಪವಾಡದ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಒಣದ್ರಾಕ್ಷಿ ಆರಿಸುವ ಹೆಂಗಸರ ಮೇಲೆ ನಿಗಾ ಇಡುವುದು ಅವರ ಕೆಲಸ; ಅಲ್ಲಿಯವರೆಲ್ಲ ಅವರನ್ನು ಮರಾಠಿಯಲ್ಲಿ ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು. ಊರು ಆರಗ. ಗುಮಾಸ್ತ ರಜೆ ಹಾಕಿದಾಗ, ಅಂದರೆ ತಿಂಗಳಿಗೆ ಒಂದೆರಡು ಸಲ, ಅವರೇ ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು. ರೈತರ ಪೆಟ್ಟಿಗೆಗಳು ಒಳಗೆ ಬಂದದ್ದು, ಹೊರಗೆ ಹೋದದ್ದು ದಾಖಲಿಸುವ ಆ ಪ್ರೋಗ್ರಾಂ ಬರೆದವನು ನಾನು. ಪುಣೆಯಲ್ಲಿ ಓದಿ ಬಂದವನು, ಪರದೆಯ ಮೇಲಂಚಿನ ಗುಂಡಿಗಳ ಪಟ್ಟಿಯಿಂದ ಅಕ್ಷರಗಳನ್ನೆಲ್ಲ ತೆಗೆದು ಬರೀ ಚಿತ್ರಗಳನ್ನಿಟ್ಟಿದ್ದೆ. ಪರದೆ ಸ್ವಚ್ಛವಾಗಿ ಕಾಣುತ್ತದೆಂಬ ಹೆಮ್ಮೆ. ಎಡಕ್ಕೆ ಮುಖ ಮಾಡಿದ ಲಾರಿ ಎಂದರೆ ಮಾಲು ಬಂತು. ಬಲಕ್ಕೆ ಮುಖ ಮಾಡಿದ್ದು, ಮಾಲು ಹೋಯಿತು.

ಮಾಲಗಾಂವದ ರೈತರೊಬ್ಬರು ತಮ್ಮ ಪೆಟ್ಟಿಗೆ ಒಯ್ಯಲು ಬಂದರೆ, ಅವು ಎಂದೋ ಹೋಗಿವೆ ಎಂದಿತು ಪರದೆ. ಅರ್ಧ ದಿನ ಹುಡುಕಿದ ಮೇಲೆ ಒಳಗಿನ ಕೋಣೆಯಲ್ಲೇ ಸಿಕ್ಕವು. ಅಷ್ಟರಲ್ಲಿ ಕಳವಿನ ಮಾತು ಇಡೀ ಶೆಡ್ಡು ಸುತ್ತಿ ಬಂದಿತ್ತು. ಪೆಟ್ಟಿಗೆ ಬಂದ ದಿನ ಅವನ್ನು ದಾಖಲಿಸಿದವರು ಮಾವಶಿ. ತಪ್ಪು ತನ್ನದೇ ಎಂಬ ಕಾಗದಕ್ಕೆ ಸಹಿ ಮಾಡಬೇಕು, ಇಲ್ಲವಾದರೆ ನಾಳೆಯಿಂದ ಬರುವುದು ಬೇಡ ಎಂದರು ಮಾಲೀಕರು. ಪ್ರೋಗ್ರಾಂ ಸರಿ ಇದೆ ಎಂದು ಹೇಳಲು ನನ್ನನ್ನು ಕರೆಸಿದ್ದರು. ಹೇಳಿದೆ. ಓದಲು ಬಾರದವರನ್ನು ಕೂರಿಸಿದರೆ ಹೀಗೇ ಆಗುತ್ತದೆ ಎಂದು ಮರಾಠಿಯಲ್ಲಿ ಸೇರಿಸಿದೆ. ಇದು ಮಾತ್ರ ಚೆನ್ನಾಗಿ ನೆನಪಿದೆ.

ನಾನು ಮಿರಜದ ಕನ್ನಡದ ಮನೆಯವನೆಂದು ಮಾವಶಿಗೆ ಗೊತ್ತಿತ್ತು. ಕನ್ನಡದಲ್ಲೇ ಕೇಳಿದರು: "ನನಗ ಓದಾಕ ಬರ್ತೈತ್ರಿ ಸಾಹೇಬ್ರ. ಓದಾಕ ನೀವು ಏನ್ ಇಟ್ಟೀರಿ ಇದರಾಗ?"

ಗುಮಾಸ್ತನಿಗೆ ಎಂದೂ ತೊಂದರೆಯಾಗಿಲ್ಲವಲ್ಲ ಎಂದೆ.

"ಅಂವ ದಿನಾ ಕುಂದ್ರಾಂವ. ಕಣ್ಣ ಮುಚ್ಚಿ ಒತ್ತತಾನ. ನಾ ಹದಿನೈದ ದಿನಕ್ಕೊಮ್ಮಿ ಬರಾಕಿ, ಕಿಡಕ್ಯಾಗ ನೋಡಿ ಒತ್ತೇನಿ. ಈ ಖುರ್ಚಿಮ್ಯಾಲ ಕುಂತ್ರ, ಬರೂ ಗಾಡಿ ಮಾರಿ ಬಲಕ್ಕ ಇರ್ತೈತಿ." ಎದ್ದು ನಿಂತು ಮಾಲೀಕರಿಗೆ ಕುರ್ಚಿ ತೋರಿಸಿದರು. "ಕುಂದ್ರಿ ಶೇಟ್ರ. ಮಾಲ ಬಂತು ಅಂತ ಹಾಕ್ರಿ ನೋಡೋಣು. ಯಾರೂ ಹೇಳಿಕೊಡಬ್ಯಾಡ್ರಿ."

ಮಾಲೀಕರು ಆ ಪರದೆಯನ್ನು ವರ್ಷಕ್ಕೊಮ್ಮೆ ಮುಟ್ಟಿದರೆ ಹೆಚ್ಚು. ಒಮ್ಮೆ ಕಿಟಕಿಯತ್ತ, ಒಮ್ಮೆ ನನ್ನತ್ತ ನೋಡಿದರು. ಒತ್ತಿದರೋ, ಒತ್ತಲು ಹೋಗಿ ತಡೆದರೋ, ಮೌಸಿನ ಬಾಣದ ಗುರುತಂತೂ ಬಲಮುಖದ ಲಾರಿಯ ಮೇಲೆ ನಿಂತಿತ್ತು.

"ಈಗ ಆ ಕಾಗದಕ್ಕ ನೀವ ಸಹಿ ಮಾಡ್ತೀರೇನು?" ಎಂದು ಮಾಲೀಕರನ್ನು ಕೇಳಿದರು ಮಾವಶಿ. ಕಾಗದವನ್ನು ಮಾವಶಿ ಹರಿದೆಸೆದರು ಎಂದು ಹೇಳುತ್ತ ಬಂದಿದ್ದೇನೆ. ಬಹುಶಃ ಮಡಚಿ ಮೇಜಿನ ಮೇಲಿಟ್ಟರು, ಅಷ್ಟೇ. ಮರುದಿನ ಎಂದಿನಂತೆ ಕೆಲಸಕ್ಕೆ ಬಂದರು.

ನಾನು ಪ್ರತಿ ಚಿತ್ರದ ಕೆಳಗೆ ಮರಾಠಿಯಲ್ಲಿ ದಪ್ಪ ಅಕ್ಷರ ಹಾಕಿದೆ. ಮಾವಶಿಗೆ ಅಷ್ಟಕ್ಕೇ ಸಮಾಧಾನವಿಲ್ಲ. ಅಕ್ಷರ ಮುಚ್ಚಿ, ಬರೀ ಚಿತ್ರಗಳನ್ನು ಕಾವಲುಗಾರನಿಗೆ, ದ್ರಾಕ್ಷಿ ಆರಿಸುವವರಿಗೆ ಒಬ್ಬೊಬ್ಬರಿಗೇ ತೋರಿಸಲು ಹೇಳಿದರು. ಇದೇನು ಎಂದು ಕೇಳಬೇಕು, ಬಾಯಿ ಮುಚ್ಚಿಕೊಂಡಿರಬೇಕು. ನನ್ನ ತುಟಿ ಅಲುಗಿದರೆ, "ಚಿತ್ರ ಮಾತಾಡ್ಲಿ, ನೀವು ಸುಮ್ನಿರ್ರಿ" ಎನ್ನುತ್ತಿದ್ದರು. ಮೊದಲ ದಿನ ಅರ್ಧ ಚಿತ್ರಗಳು ಮಾತಾಡಲಿಲ್ಲ. ಅವನ್ನು ಮತ್ತೆ ಬಿಡಿಸಿದೆ, ಲಾರಿಯನ್ನು ಬಿಟ್ಟೇಬಿಟ್ಟೆ.

ಇಂದಿಗೂ ನನ್ನ ರೀತಿ ಅದೇ. ಅಕ್ಷರ ಹಾಕಿದರೆ ಅಂದಗೆಡುತ್ತದೆ ಎಂದು ಪುಣೆಯಿಂದ ಬಂದವರು ವಾದಿಸುತ್ತಾರೆ. ಕೆಡಲಿ. ತಿಂಗಳಿಗೊಮ್ಮೆ ಬರುವವರು ದಡ್ಡರಲ್ಲ, ಅವರಿಗೆ ಬೇರೆ ಕೆಲಸವಿದೆ. ಈ ಮಾತಿಗಾಗಿ ಒಂದೆರಡು ಕೆಲಸ ಕಳೆದುಕೊಂಡಿದ್ದೇನೆ, ಮಾತು ಬದಲಿಸಿಲ್ಲ.

ಹೋದ ವರ್ಷ ಮಾವಶಿ ತೀರಿಕೊಂಡರು. ಮಣ್ಣಿಗೆ ಹೋಗಲಾಗಲಿಲ್ಲ. ಆಮೇಲೆ ಒಂದು ಸಂಶಯ ಕಾಡತೊಡಗಿತು: ಅಂದು ಆ ಕುರ್ಚಿಯಲ್ಲಿ ನಾನು ಕೂತೇ ಇರಲಿಲ್ಲ, ಅವರ ಮಾತನ್ನಷ್ಟೇ ನಂಬಿದ್ದೆ. ಮೊನ್ನೆ ಕುಪವಾಡಕ್ಕೆ ಹೋಗಿ, ಗುಮಾಸ್ತನನ್ನು ಎಬ್ಬಿಸಿ ಅದೇ ಕುರ್ಚಿಯಲ್ಲಿ ಕೂತೆ. ಕಿಟಕಿಯಾಚೆ, ಎಡಗಡೆಗೆ ಗೇಟು. ಸ್ವಲ್ಪ ಹೊತ್ತಿಗೆ ಪೆಟ್ಟಿಗೆ ಹೇರಿದ ಲಾರಿಯೊಂದು ಒಳಗೆ ಬಂತು. ಅದರ ಮುಖ ಬಲಕ್ಕಿತ್ತು.