ಓಬಮ್ಮನ ಬುಟ್ಟಿಯ ತಳ

ಮಲ್ಲಿಕಾಂಬ ಸಿಂಗಟಗೆರೆಯಿಂದ ಮದುವೆಯಾಗಿ ಅಜ್ಜಂಪುರದ ಮಗ್ಗುಲ ಊರಿಗೆ ಬಂದ ವಾರದಲ್ಲೇ ಓಬಮ್ಮನನ್ನು ಕಂಡಿದ್ದು. ಹಂಚಿಕಡ್ಡಿ ಪೊರಕೆ ತುಂಬಿದ ಬುಟ್ಟಿಯನ್ನು ಜಗಲಿ ಮೇಲೆ ಇಳಿಸಿ, "ಹೊಸಾ ಸೊಸೆಗೆ ಹೊಸಾ ಪೊರಕೆ ಕಣವ್ವಾ, ಅತ್ತೆ ಮೇಲೆ ಮಾತ್ರ ಎತ್ತಬ್ಯಾಡ" ಅಂದಳು. ಅತ್ತೆಯೂ ನಕ್ಕರು. ಚೆನ್ನಾಗಿರೋದನ್ನ ಆರಿಸೋಣ ಅಂತ ಮಲ್ಲಿಕಾಂಬ ಬುಟ್ಟಿಗೆ ಕೈ ಹಾಕಿದರೆ ತಳದಲ್ಲಿ ಮಣ್ಣು ಮೆತ್ತಿದ ಗೆಡ್ಡೆ, ಬಾಡಿದ ಅಣ್ಣೆಸೊಪ್ಪು. ಓಬಮ್ಮನ ನಗು ಆರಿಹೋಯ್ತು. ಅದು ಎಮ್ಮೆಗೆ ಅಂತ ಸೆರಗೆಳೆದು ಮುಚ್ಚಿದಳು. ಅವಳಿಗೆ ಎಮ್ಮೆಯೇ ಇರಲಿಲ್ಲ.

ಗಂಡ ಸತ್ತ ಮೇಲೆ ಅವಳು ಮಗಳು ಕಾಶಮ್ಮನನ್ನು ಸಾಕಿದ್ದೇ ಊರ ಮುಂದಿನ ಕಾವಲಿನಿಂದ, ದನ ಮೇಯುವ ಆ ಹುಲ್ಲುಬಯಲಿನಿಂದ. ಹುಲ್ಲು ಬಿಟ್ಟರೆ ಅಲ್ಲೇನಿದೆ ಅನ್ನೋರು ಗಂಡಸರು. ಓಬಮ್ಮನಿಗೆ ಮಳೆಗಾಲಕ್ಕೆ ಸೊಪ್ಪು, ಆಮೇಲೆ ಗೆಡ್ಡೆ, ಹುಲ್ಲು ಒಣಗಿದ ಮೇಲೆ ಕಡ್ಡಿ. ಹಿಂದೊಮ್ಮೆ ಬಾವಿಕಟ್ಟೆಯಲ್ಲಿ ಯಾರೋ 'ಕಾವಲು ಮೇಯೋಳು' ಅಂತ ಆಡಿಕೊಂಡಿದ್ದರು. ಅಂದಿನಿಂದ ಕಡ್ಡಿಯನ್ನೂ ತರೀಕೆರೆ ಕಡೆಯಿಂದ ಕೊಂಡು ತರ್ತೀನಿ ಅನ್ನುತ್ತಿದ್ದಳು. ಊರವರು ನಂಬಿದ ಹಾಗೆ ಇರುತ್ತಿದ್ದರು.

ಎಂಬತ್ತಮೂರರಲ್ಲಿ ಆ ಕಾವಲಿನಲ್ಲಿ ಕಾರ್ಖಾನೆ ಕಟ್ಟುವ ಮಾತು ಬಂತು. ಕಟ್ಟಿದರೆ ಜನಕ್ಕೆ, ನೀರಿಗೆ, ದನಕರುಗಳಿಗೆ ಏನಾಗುತ್ತೆ ಅಂತ ಸ್ಟಡಿ ಮಾಡಲು ಜೀಪಿನಲ್ಲಿ ಬಂದ ಹುಡುಗಿಯೊಬ್ಬಳು ಮನೆಮನೆಗೂ ಹೋಗಿ ಹೆಂಗಸರನ್ನು ಕೇಳುತ್ತಿದ್ದಳು. ಅವಳು ಮಲ್ಲಿಕಾಂಬನ ಜಗಲಿ ಹತ್ತಿದ ಹೊತ್ತಿಗೆ, ಕಾಶಮ್ಮನನ್ನು ನೋಡಲು ಹಿರೇನಲ್ಲೂರಿನವರು ಬಂದು ಕೂತಿದ್ದರು. ತನ್ನ ಗುಡಿಸಲಲ್ಲಿ ಕೂರಲು ಜಾಗವಿಲ್ಲ ಅಂತ ಓಬಮ್ಮನೇ ಆ ಜಗಲಿ ಕೇಳಿಕೊಂಡಿದ್ದಳು.

"ಕಾವಲಿಂದ ಮನೆಗೆ ಏನಾದ್ರೂ ತರ್ತೀರಾ ಅಮ್ಮಾ?" ಹುಡುಗಿ ಮೊದಲು ಕೇಳಿದ್ದೇ ಓಬಮ್ಮನನ್ನು.

ಗಂಡಿನ ತಾಯಿ ಬಾಯಿಗಿಟ್ಟ ಲೋಟ ಇಳಿಸಿ ನೋಡಿದಳು.

"ನಾವಾ? ಎಲ್ಲಾ ಸಂತೇಲಿ ಕೊಳ್ಳಾದು ಕಣ್ರೀ. ಆ ಬೀಳಿಗೆ ಯಾರು ಹೋಯ್ತಾರೆ?" ಅಂದಳು ಓಬಮ್ಮ.

ಹುಡುಗಿ ನಿಜವೇ ಅನ್ನುವಂತೆ ಮಲ್ಲಿಕಾಂಬನ ಕಡೆ ತಿರುಗಿದಳು. ಕಾಫಿ ತಟ್ಟೆ ಹಿಡಿದು ನಿಂತಿದ್ದ ಮಲ್ಲಿಕಾಂಬ ಹೌದೆಂದು ತಲೆ ಆಡಿಸಿದಳು. ಓಬಮ್ಮನ ಮಾನ ಉಳಿಸಿದೆ ಅಂದುಕೊಂಡಳು. ಮಿಕ್ಕ ಮನೆಗಳಲ್ಲೂ ಅದೇ ಉತ್ತರ. ಕಾವಲು ಮೇಯೋಳು ಅನ್ನಿಸಿಕೊಳ್ಳಲು ಯಾರಿಗೆ ಬೇಕು?

ಕಾಶಮ್ಮನ ಮದುವೆಯಾಯ್ತು. ಮರುವರ್ಷ ಕಾವಲಿಗೆ ತಂತಿಬೇಲಿ ಬಿತ್ತು. ತಕರಾರು ಹೇಳಲು ಹೋದವರ ಜೊತೆ ಮಲ್ಲಿಕಾಂಬನ ಗಂಡ ಷಣ್ಮುಖಪ್ಪನೂ ಹೋಗಿದ್ದ. ಕಾವಲು ನಂಬಿ ಬದುಕೋರು ಒಬ್ಬರೂ ಇಲ್ಲ ಅಂತ ನಿಮ್ಮ ಹೆಂಗಸರೇ ಹೇಳಿದ್ದಾರಲ್ಲ ಅಂದರಂತೆ ಕಚೇರಿಯಲ್ಲಿ. "ಯಾವಳಂತೆ ಹಂಗಂದಿದ್ದು?" ಅಂತ ಅವನು ಉಣ್ಣುತ್ತಾ ಕೇಳಿದ. ಮಲ್ಲಿಕಾಂಬ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು.

ಓಬಮ್ಮ ಕೂಲಿಗೆ ಹೋದಳು, ಸೊಂಟ ತಡೆಯಲಿಲ್ಲ. ಬೀಗರ ಮನೆ ಅನ್ನ ಉಣ್ಣಬಾರದು ಅಂತ ಹಟ ಹಿಡಿದವಳು ಕೊನೆಗೆ ಮಗಳ ಮನೆಗೇ ಹೊರಟಳು. ಬಸ್ಸಿಗೆ ಮುಂಚೆ ಜಗಲಿಗೆ ಬಂದು ಕೂತಳು. ತಲೆ ಮೇಲೆ ಬುಟ್ಟಿ ಇರಲಿಲ್ಲ. ಮಲ್ಲಿಕಾಂಬ ಅಕ್ಕಿ ಗಂಟು ಕೊಟ್ಟಳು. ಓಬಮ್ಮ ಅದನ್ನು ಸೆರಗಿನಡಿ ಮುಚ್ಚಿಕೊಂಡಳು.

ಬಸ್ಸಿನ ಸದ್ದು ಕೇಳಿಸಿತು. ಓಬಮ್ಮ ಎದ್ದು ಮೆಟ್ಟಿಲಿಳಿದು, ಅಲ್ಲೇ ನಿಂತಳು.

"ಅವ್ವಾ, ಆ ಹುಡುಗಿ ಇನ್ನೊಂದ್ಸಲ ಬತ್ತಾಳಾ, ಕೇಳಕ್ಕೆ?"