ಅತ್ತೆಯ ಸ್ವರ ನಿಂತ ಸಂಜೆಗಳು

ನಮ್ಮದು ಅಡುಗೆಯ ಉದ್ಯೋಗ. ಉದ್ಯಾವರದಲ್ಲಿ ಹೆದ್ದಾರಿಯಿಂದ ಸ್ವಲ್ಪ ಒಳಗೆ ಮನೆ, ಮನೆಯ ಹಿಂದೆ ಶೀಟು ಹೊದೆಸಿದ ದೊಡ್ಡ ಅಡುಗೆಕೋಣೆ. ಕಾಪುವಿನಿಂದ ಕಾರ್ಕಳದವರೆಗೆ ಯಾರ ಮನೆಯಲ್ಲಿ ಮದುವೆ, ನಿಶ್ಚಿತಾರ್ಥ ಇದ್ದರೂ ನಮಗೆ ಫೋನ್ ಬರುತ್ತದೆ. ಗಂಡ ವ್ಯಾನ್ ಓಡಿಸಿ, ಸಾಮಾನು ತಂದು, ಬಡಿಸುವವರನ್ನು ಒಟ್ಟು ಮಾಡುತ್ತಾರೆ. ಮಸಾಲೆಯಿಂದ ಹಿಡಿದು ಎಲೆಗೆ ಬೀಳುವ ಉಪ್ಪಿನವರೆಗೆ ನನ್ನ ಜವಾಬ್ದಾರಿ.

ಇಗರ್ಜಿಯ ಕೆಲಸಕ್ಕೂ ನಾನು ಹಿಂದೆ ಬಿದ್ದವಳಲ್ಲ. ಗಾಯನ ಮಂಡಳಿಯಲ್ಲಿ ಹಾಡುತ್ತೇನೆ, ಹಬ್ಬದ ಊಟ ಬೇಯಿಸುತ್ತೇನೆ, ವಾರ್ಡಿನ ಕೂಟಕ್ಕೆ ಕುರ್ಚಿ ಜೋಡಿಸುತ್ತೇನೆ. ಭಾನುವಾರ ಮದುವೆಯ ಕೆಲಸ ಇದ್ದರೆ ಶನಿವಾರ ಸಂಜೆಯೇ ಪೂಜೆಗೆ ಹೋಗಿ ಬರುತ್ತೇವೆ. ಆದರೆ ಸುಮ್ಮನೆ ಕೂತು ದೇವರ ಹತ್ತಿರ ಮಾತಾಡುವುದು ಎಂಬುದೊಂದು ಉಂಟಲ್ಲ, ಅದಕ್ಕೆ ನನ್ನ ದಿನದಲ್ಲಿ ಜಾಗವೇ ಇರಲಿಲ್ಲ. ಅದರ ಚಿಂತೆಯೂ ನನಗಿರಲಿಲ್ಲ. ಯಾಕೆಂದರೆ ಮನೆಯಲ್ಲಿ ಅತ್ತೆ ಇದ್ದರು.

ಅತ್ತೆ ಪ್ರತಿ ಸಂಜೆ ಮೇಣದ ಬತ್ತಿ ಹಚ್ಚಿ, ಜಪಸರ ಹಿಡಿದು, ತೇರ್ಸ್ ಶುರು ಮಾಡುತ್ತಿದ್ದರು. ಕೊಂಕಣಿ ಮನೆಗಳಲ್ಲಿ ಜಪಸರದ ಪ್ರಾರ್ಥನೆಗೆ ಹಾಗೆ ಹೇಳುವುದು. ಅವರ ಸ್ವರ ದೊಡ್ಡದು, ಅಡುಗೆಕೋಣೆಯ ಗ್ರೈಂಡರಿನ ಸದ್ದನ್ನೂ ದಾಟಿ ಕೇಳುತ್ತಿತ್ತು. "ಮಾಂಯ್, ಇವತ್ತೂ ಬರ್ಲಿಕ್ಕೆ ಆಗುವುದಿಲ್ಲ," ಎಂದು ನಾನು ಬಾಗಿಲಿನಿಂದ ಕೂಗಿದರೆ, "ನೀನು ಕೆಲಸ ನೋಡು, ನಿನ್ನ ಪಾಲಿನದ್ದೂ ನಾನೇ ಹೇಳ್ತೇನೆ," ಎನ್ನುತ್ತಿದ್ದರು. ನಾನು ನಿಶ್ಚಿಂತೆಯಿಂದ ಈರುಳ್ಳಿಗೆ ಮರಳುತ್ತಿದ್ದೆ.

ಹೋದ ವರ್ಷ ಅವರ ಆ ಸ್ವರ ಒಡೆಯಿತು. ಮೊದಲು ಶೀತ ಎಂದುಕೊಂಡೆವು. ಗುಣವಾಗದಿದ್ದಾಗ ಮಣಿಪಾಲಕ್ಕೆ ಕರೆದುಕೊಂಡು ಹೋದೆವು. ಗಂಟಲಿನಲ್ಲಿ ಸಣ್ಣ ಗಂಟು, ಭಯಪಡುವಂಥದ್ದಲ್ಲ, ತೆಗೆದರೆ ಸರಿಯಾಗುತ್ತದೆ ಎಂದರು ಡಾಕ್ಟರು. ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಆಯಿತು. ಮನೆಗೆ ಕಳಿಸುವಾಗ ಡಾಕ್ಟರು ನನ್ನನ್ನು ಕರೆದು, "ಕೆಲವು ವಾರ ಒಂದು ಮಾತೂ ಆಡಬಾರದು. ಪಿಸುಮಾತೂ ಬೇಡ," ಎಂದರು. ಅತ್ತೆ ನನ್ನ ಪಕ್ಕದಲ್ಲೇ ನಿಂತು, ಎಲ್ಲ ಕೇಳಿ, ತಲೆಯಾಡಿಸಿದರು.

ಮನೆಗೆ ಬಂದ ದಿನ ಸಂಜೆ ನಾನು ಮರುದಿನದ ಕಾಪುವಿನ ಮದುವೆಗೆ ಮಸಾಲೆ ಹುರಿಯುತ್ತಿದ್ದೆ. ಬೆನ್ನ ಹಿಂದೆ ಯಾರೋ ಬಂದಂತಾಯಿತು. ತಿರುಗಿದರೆ ಅತ್ತೆ. ಕೈಯಲ್ಲಿ ಜಪಸರ. ಅದನ್ನು ನನ್ನ ಕಡೆಗೆ ಚಾಚಿದರು.

"ಮಾಂಯ್, ನಾಳೆ ಕಾಪುವಿನದ್ದು ಉಂಟು. ಮೆಣಸು ಬಾಣಲೆಯಲ್ಲಿ ಉಂಟು," ಎಂದೆ.

ಅವರು ಕೈ ಹಿಂದೆ ತೆಗೆಯಲಿಲ್ಲ. ಕೋಪವೂ ಇಲ್ಲ, ಬೇಡಿಕೆಯೂ ಇಲ್ಲ. ಬಾಯಿ ಕಟ್ಟಿದವರು ಬಾಯಿ ಇದ್ದವರ ಹತ್ತಿರ ಬಂದು ನಿಂತ ಹಾಗೆ ಇತ್ತು. ನಮ್ಮ ಜೊತೆ ಅಡುಗೆ ಮಾಡುವ ಹಿರಿಯಡ್ಕದ ಹೆಂಗಸು ನನ್ನ ಕೈಯಿಂದ ಸಟ್ಟುಗ ತೆಗೆದುಕೊಂಡು, "ಹೋಗಿ ಬಾಯಮ್ಮ, ಮೆಣಸು ಕರಿದಾಗದ ಹಾಗೆ ನಾನು ನೋಡ್ತೇನೆ," ಎಂದಳು. ಕ್ರೈಸ್ತ ಮನೆಯ ಹೆಂಗಸರನ್ನು ನಮ್ಮ ಕಡೆ 'ಬಾಯಮ್ಮ' ಎಂದೇ ಕರೆಯುವುದು.

ಕೈ ತೊಳೆದು ಹೋಗಿ ಕೂತೆ. ಅಂದು ಗುರುವಾರ. ತೇರ್ಸ್ ಹೇಳುವಾಗ ಯೇಸುವಿನ ಬದುಕಿನ ಘಟನೆಗಳನ್ನು 'ರಹಸ್ಯಗಳು' ಎಂದು ನೆನೆಯುತ್ತೇವೆ, ಯಾವ ದಿನಕ್ಕೆ ಯಾವ ಗುಂಪು ಎಂಬ ಕ್ರಮ ಉಂಟು. ಚಿಕ್ಕಂದಿನಲ್ಲಿ ಶಿರ್ವದ ತವರುಮನೆಯಲ್ಲಿ ಕಲಿತ ಕ್ರಮದಲ್ಲೇ ಸಂತೋಷದ ರಹಸ್ಯಗಳನ್ನು ಶುರು ಮಾಡಿದೆ. ಅತ್ತೆ ನನ್ನ ಮೊಣಕೈ ಮುಟ್ಟಿ, ಅಲ್ಲ ಎಂದು ತಲೆ ಅಲ್ಲಾಡಿಸಿ, ಬತ್ತಿಯ ಉರಿಯತ್ತ ಬೆರಳು ತೋರಿಸಿದರು. ನನಗೆ ಅರ್ಥವಾಗಲಿಲ್ಲ. ಮತ್ತೊಮ್ಮೆ ತೋರಿಸಿದರು. ಬೆಳಕು! ಗುರುವಾರಕ್ಕೆ ಬೆಳಕಿನ ರಹಸ್ಯಗಳು ಬಂದು ಎಷ್ಟೋ ವರ್ಷವಾಗಿದೆ. ನನಗೆ ಮಾತ್ರ ಸರಿಯಾಗಿ ಗೊತ್ತಿರಲಿಲ್ಲ. ನನಗೆ ನಗು ಬಂತು. ಅವರಿಗೂ ಬಂತು. ನಗಬಾರದೆಂದು ಗಂಟಲು ಹಿಡಿದುಕೊಂಡರು. ಅವರ ಭುಜ ಕುಲುಕುವುದನ್ನು ಕಂಡು ನಾನು ಇನ್ನಷ್ಟು ನಕ್ಕೆ. ಹಾಗೆ ನಗುತ್ತಲೇ ಮೊದಲ ದಿನದ ತೇರ್ಸ್ ಮುಗಿಯಿತು.

ಆಮೇಲೆ ದಿನಾಲೂ ಕೂತೆ. ಮೊದಮೊದಲು ಬಾಯಿ ಮಣಿ ಎಣಿಸುತ್ತಿತ್ತು, ಮನಸ್ಸು ಕೋಳಿ ಎಣಿಸುತ್ತಿತ್ತು. ಎರಡನೇ ವಾರಕ್ಕೆ ಒಂದು ಸಂಜೆ ನಡುವೆ ಸ್ವರ ನಿಲ್ಲಿಸಿ ಸುಮ್ಮನೆ ಕೂತೆ. ಯಾವ ಕೆಲಸವೂ ನನ್ನನ್ನು ಕರೆಯುತ್ತಿರಲಿಲ್ಲ. ಬೆಳಿಗ್ಗೆಯಿಂದ ಹೆಗಲ ಮೇಲೆ ಕೂತಿದ್ದ ಏನೋ ಇಳಿದು ಹೋಗಿತ್ತು. ಅತ್ತೆ ನನ್ನನ್ನು ಎಚ್ಚರಿಸಲಿಲ್ಲ, ಕಾದರು. ಇಷ್ಟು ದಿನ ಇವರು ಒಬ್ಬರೇ ಇಲ್ಲಿ ಇದನ್ನು ಉಣ್ಣುತ್ತಿದ್ದರಲ್ಲ ಎಂದು ನನಗೆ ಸಣ್ಣಗೆ ಹೊಟ್ಟೆಕಿಚ್ಚೂ ಆಯಿತು.

ಸ್ವರ ಮರಳಿ ಬಂತು. ಸ್ವಲ್ಪ ಒರಟು, ಆದರೆ ಗಟ್ಟಿಯಾಗಿತ್ತು. ಡಾಕ್ಟರು ಮಾತಾಡಬಹುದು ಎಂದ ಸಂಜೆಯೇ ಅತ್ತೆ ಅಡುಗೆಕೋಣೆಗೆ ಬಂದು, "ಇನ್ನು ನಾನು ಹೇಳ್ತೇನೆ. ನಿನಗೆ ಮದುವೆಯ ಸೀಸನ್, ಕೆಲಸ ನೋಡು," ಎಂದರು.

"ಬೇಡ ಮಾಂಯ್. ಮೊದಲ ಅರ್ಧ ಹೇಳುವುದು ನಾನೇ. ನೀವು ಉತ್ತರದ ಅರ್ಧ ಕೊಡಿ."

"ನಿನಗೆ ಸಮಯ ಎಲ್ಲಿ ಉಂಟು?"

"ಉಂಟು," ಎಂದೆ. ಅವರು ಬತ್ತಿ ಹಚ್ಚಲು ಹೋದರು.

ಮನೆಯಲ್ಲಿ ಕೂರುವುದು ಸುಲಭ. ಹೊರಗೆ ಕಷ್ಟ ಎಂದು ಗೊತ್ತಾದದ್ದು ಕಾರ್ಕಳದಲ್ಲಿ. ಅಂದು ಒಬ್ಬ ಮದುಮಗಳ ರೋಸ್. ಮದುವೆಯ ಹಿಂದಿನ ಸಂಜೆ ತೆಂಗಿನಹಾಲು ಹಚ್ಚುವ ಶಾಸ್ತ್ರ, ಆಮೇಲೆ ಊಟ. ಕೋಳಿ ಆಗಿತ್ತು, ಇಡ್ಲಿಯಂಥ ಸನ್ನ ಹಬೆಯಲ್ಲಿತ್ತು. ಇನ್ನು ಬೇಯಬೇಕಾದದ್ದು ಬೇಯಬೇಕು, ನಾನು ನಿಂತು ನೋಡಿದರೆ ಬೇಗ ಬೇಯುವುದಿಲ್ಲ. ಸಭಾಭವನದ ಹಿಂದೆ ತರಕಾರಿಯ ಕ್ರೇಟ್ ಮಗುಚಿ ಹಾಕಿ, ಜಪಸರ ಹಿಡಿದು ಕೂತೆ.

ಮದುಮಗಳ ಸೋದರಮಾವ ನನ್ನನ್ನು ಹುಡುಕಿಕೊಂಡು ಬಂದದ್ದು ಕೇಳಿಸಿತು. "ಅವರು ಎಲ್ಲಿ? ಜನ ಬರ್ಲಿಕ್ಕೆ ಶುರುವಾಯಿತು!"

"ಪ್ರಾರ್ಥನೆಗೆ ಕೂತಿದ್ದಾರೆ. ಈಗ ಕರೆಯಬೇಡಿ," ಎಂದಳು ಹಿರಿಯಡ್ಕದವಳು.

"ಈಗ ಪ್ರಾರ್ಥನೆಯಾ? ಎಂತ ಮಾರಾಯ್ತಿ, ಊಟದ ಹೊತ್ತಿಗೆ!"

"ಸನ್ನ ಆಗ್ಲಿಕ್ಕೆ ಇನ್ನೂ ಉಂಟು. ಆಗ ಅವರೇ ಬರ್ತಾರೆ."

ಅವರು ನೇರವಾಗಿ ನನ್ನ ಎದುರಿಗೇ ಬಂದರು. ನಾನು ಏಳಲಿಲ್ಲ. ಮಣಿಮಣಿಗೂ ಹೇಳುವ 'ನಮಾನ್ ಮರಿಯೆ' ಮುಂದುವರಿಸಿದೆ. ನನ್ನ ಅರ್ಧ ಮುಗಿದಾಗ, ಉತ್ತರದ ಅರ್ಧ ಅವರ ಬಾಯಿಂದ ತಾನಾಗಿ ಬಂತು. ಚಿಕ್ಕಂದಿನಿಂದ ಕೇಳಿದವರಿಗೆ ಅದನ್ನು ತಡೆಯಲು ಆಗುವುದಿಲ್ಲ. ಇನ್ನೊಂದು ಹೇಳಿದೆ, ಅದಕ್ಕೂ ಕೊಟ್ಟರು. ಹಾಗೆ ನಿಂತುಕೊಂಡೇ ಹತ್ತು ಮಣಿ ಹೇಳಿ, "ನನ್ನ ತಂಗಿಯ ಮಗಳು ನಾಳೆ ಹೋಗ್ತಾಳೆ. ಅವಳಿಗೋಸ್ಕರ ಒಂದು ಹೇಳಿ," ಎಂದು ಕಣ್ಣೊರೆಸಿಕೊಂಡು ಹೋದರು. ಹೇಳಿದೆ. ಊಟ ಹೊತ್ತಿಗೆ ಸರಿಯಾಗಿ ಬಡಿಸಿದೆವು.

ಈಗ ಒಂದೇ ದಿನ ಎರಡು ಊಟದ ಕೆಲಸ ಹಿಡಿಯುವುದನ್ನು ಬಿಟ್ಟಿದ್ದೇವೆ. ಮೊನ್ನೆ ಶಿರ್ವದವರೊಬ್ಬರು ಫೋನಿನಲ್ಲಿ, "ಮಧ್ಯಾಹ್ನ ಒಂದು ಉಂಟಾದರೇನು, ನಮ್ಮದು ಸಂಜೆ ಅಲ್ವಾ? ಆಳು ಸಾಲದಾ?" ಎಂದು ಕೇಳಿದರು.

"ಆಳು ಬೇಕಾದಷ್ಟು ಉಂಟು," ಎಂದೆ. "ಸಂಜೆ ಮಾತ್ರ ಒಂದೇ ಇರುವುದು."

ಅವರು ನಕ್ಕು, ತಮ್ಮ ಊಟವನ್ನು ಮರುದಿನಕ್ಕೆ ಇಟ್ಟುಕೊಂಡರು.